ಗಂಡನ ಹೆಸರು ಹೇಳಿದವಳು

ಖಾತೆ ಬರಿದಾಗಿತ್ತು. ಮುಂಬಯಿಯ ಸಯನ್ನಿನ ಚಾಳಿನಲ್ಲಿದ್ದು ಗಾರೆ ಕೆಲಸ ಮಾಡುವ ಗುರುಬಾಯಿ, ಊರಿನ ಬ್ಯಾಂಕಿನಲ್ಲಿ ಕೂಡಿಟ್ಟಿದ್ದ ಹಣವೆಲ್ಲ ಫೋನಿನಲ್ಲೇ ಮಾಯ! ಗಂಡ ಚಂದ್ರಾಮ ಸುಮ್ಮನಿರುತ್ತಾನೆಯೇ? ತವರಿಗೆ ಸಾಗಿಸಿದ್ದೀಯ ಎಂದು ಚಾಳಿನವರೆದುರೇ ಹೆಂಡತಿಯನ್ನು ಕಳ್ಳಿ ಎಂದು ಕೂಗಿದ.

ಪೊಲೀಸ್ ಠಾಣೆಯಲ್ಲಿ ಕನ್ನಡದವಳೇ ಆದ ಸಬ್ ಇನ್‌ಸ್ಪೆಕ್ಟರ್ ಶಿವಕುಮಾರಿ ಕೇಳಿದಳು. "ಗಂಡನ ಹೆಸರು?"

ಗುರುಬಾಯಿ ತಲೆ ತಗ್ಗಿಸಿದಳು.

"ಅರೆ, ಜಲ್ದಿ ಹೇಳಿ! ನಾಲಿಗೆ ಇಲ್ವಾ?"

ಜೊತೆಗೆ ಬಂದಿದ್ದ, ಅವರ ಮನೆಯಲ್ಲೇ ಇರುವ ಚಂದ್ರಾಮನ ಅಕ್ಕ, ವಿಧವೆ ಮಲ್ಲಕ್ಕ ನಡುವೆ ಬಾಯಿ ಹಾಕಿದಳು. "ಚಂದ್ರಾಮ ಅಂತ ಬರಕೋರಿ. ಗಂಡನ ಹೆಸರ ಅಕಿ ಹೆಂಗ ಹೇಳ್ಯಾಳ್ರಿ?"

* * *

ಹಣ ನಗದಾಗಿದ್ದು ಚಾಳಿನ ಮೂಲೆಯ ಗನಿಸಾಬನ ಮೊಬೈಲ್ ಅಂಗಡಿಯಲ್ಲಿ. ಇವನೇ ಇರಬೇಕು ಎಂದುಕೊಂಡು ಶಿವಕುಮಾರಿ ಅಲ್ಲಿಗೆ ನುಗ್ಗಿದಳು.

"ನಂದೇನ್ ತಪ್ಪ್ರಿ ಮೇಡಮ್? ಹೆಣ್ಮಗಳು ಬಂದ್ಳು. ನನ್ನ ಖಾತೆಗೆ ರೊಕ್ಕ ಹಾಕಿದ್ಳು, ನಾ ನಗದು ಕೊಟ್ಟೆ."

"ಮುಖ?"

"ತಲಿ ಮ್ಯಾಲ ಸೆರಗಿತ್ತು. ರೊಕ್ಕ ಬಂತಾ ಅಂತ ಫೋನ್ ನೋಡಿದ್ನಿ. ಮುಖ ಯಾರ್ ನೋಡ್ತಾರ್ರಿ?"

ಬ್ಯಾಂಕಿನವರು ಒಂದು ಧ್ವನಿಮುದ್ರಣ ಕಳಿಸಿದರು. ಗುರುಬಾಯಿಯ ಫೋನಿನಿಂದಲೇ ಬಂದ ಕರೆ. ಗುಟ್ಟಿನ ನಂಬರ್ ಮರೆತಿದೆ, ಹೊಸದು ಬೇಕು ಎನ್ನುತ್ತಿದ್ದಳು ಒಬ್ಬ ಹೆಂಗಸು.

ಸರಿ, ಗುರುಬಾಯಿಯೇ ಕಳ್ಳಿ! ಶಿವಕುಮಾರಿ ಕೇಸು ಮುಗಿಸಿಯೇಬಿಡುತ್ತಿದ್ದಳು. ಯಾಕೋ ಧ್ವನಿಮುದ್ರಣವನ್ನು ಇನ್ನೊಮ್ಮೆ ಹಾಕಿ ಕೇಳಿದಳು. ಗುರುತು ಖಚಿತಪಡಿಸಲು ಬ್ಯಾಂಕಿನವರು ಪ್ರಶ್ನಿಸುತ್ತಿದ್ದರು.

"ಗಂಡನ ಹೆಸರು?"

"ಚಂದ್ರ್ಯಾ... ಅಲ್ಲ್ರಿ, ಚಂದ್ರಾಮ."

ಶಿವಕುಮಾರಿಯ ಮುಖ ಕೆಂಪಾಯಿತು. ಥೂ, ಗದರಿಸಿದರೂ ಗಂಡನ ಹೆಸರೆತ್ತದ ಹೆಂಗಸಿನ ಮೇಲೆ ಎಂಥ ಅನುಮಾನ!

* * *

ಎಲ್ಲರನ್ನೂ ಠಾಣೆಗೆ ಕರೆಸಿದಳು.

"ಗುರುಬಾಯಿ ಕೆಲಸಕ್ಕೆ ಹೋಗುವಾಗ ಫೋನ್ ಮನೆಯಲ್ಲೇ ಚಾರ್ಜಿಗೆ ಇಡ್ತಾಳೆ. ಮನೇಲಿರೋದು ಯಾರು? ಇವನನ್ನ ಚಂದ್ರ್ಯಾ ಅನ್ನೋದು ಯಾರು? ಹೆಂಡತಿ ಅನ್ನಲ್ಲ. ಎತ್ತಿ ಆಡಿಸಿದ ಅಕ್ಕ ಅಂತಾಳೆ."

ಮಲ್ಲಕ್ಕ ಕುಸಿದು ಕುಳಿತಳು.

"ಅದರಾಗ ನಾ ಮುಂಜಾನಿ ನಾಕು ಮನಿ ಭಾಂಡಿ ತಿಕ್ಕಿದ ಪಗಾರನೂ ಇತ್ತ್ರಿ. ಫೋನ್ ಇಲ್ದಕಿಗೆ ಖಾತೆ ಇಲ್ಲ ಅಂದ್ರು ಊರ ಬ್ಯಾಂಕಿನ್ಯಾಗ. ಇಕಿ ಖಾತೆಗೇ ಹಾಕತಿದ್ನಿ. ಗುಳಿಗಿ ತರಾಕೂ ತಮ್ಮನ ಮುಂದ ಕೈ ಒಡ್ಡಬೇಕು. ಯಾಕ, ಏನು ಅಂತ ಕೇಳ್ತಾನ. ನನ್ನ ರೊಕ್ಕಾ ನಾನ ಬೇಡಾಕ ನಾಚಿಕಿ ಆಗ್ತಿತ್ತ್ರಿ. ಒಂದಿನ ಸಿಟ್ಟು ಬಂತು, ಎಲ್ಲಾ ತಗದ್ನಿ."

"ನನ್ನ ಕಳ್ಳಿ ಅಂದಾಗ ನೀವೂ ಅಲ್ಲೇ ನಿಂತಿದ್ರಿ ಅಕ್ಕಾರ," ಎಂದಳು ಗುರುಬಾಯಿ.

ಮಲ್ಲಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಚಂದ್ರಾಮ ನೆಲ ನೋಡುತ್ತ ಗೊಣಗಿದ. "ತಪ್ಪಾತು. ನಡಿ ಮನಿಗೆ."

ತಾನೂ ಕ್ಷಮೆ ಕೇಳಬೇಕೆಂದು ಶಿವಕುಮಾರಿ ಬಾಯಿ ತೆರೆದಳು. ಕೊನೆಗೆ ದೂರಿನ ಹಾಳೆಗಳನ್ನೇ ಜೋಡಿಸತೊಡಗಿದಳು.

ಗುರುಬಾಯಿ ಏಳಲಿಲ್ಲ. ಗಂಡನಿಗೆ ಹೇಳಿದಳು. "ಕಳ್ಳಿ ಅಂದದ್ದು ಚಾಳಿನ್ಯಾಗ, ಎಲ್ಲಾರ ಮುಂದ. ತಪ್ಪಾತು ಅನ್ನೂದು ಇಲ್ಲಿ ಯಾಕ? ಅಲ್ಲೇ ಅನ್ರಿ, ಅಷ್ಟ ಜೋರಾಗಿ. ಆಮ್ಯಾಲ ಬರ್ತೀನಿ."