ಗಾಜಿನ ಪೆಟ್ಟಿಗೆಯ ಟೋಪಿ

"ಆ ಟೋಪಿ ಮಾರಾಟಕ್ಕಿಲ್ಲ."

ಕನ್ನಡಕದ ಅಂಗಡಿಯವನು ಕಡ್ಡಿ ಮುರಿದಂತೆ ಹೇಳಿದಾಗ ಅವಳು ಪೆಟ್ಟಿಗೆಯ ಗಾಜಿನ ಮೇಲಿಟ್ಟಿದ್ದ ಕೈ ಹಿಂದೆಗೆದಳು.

ಅಂಗಡಿಯ ಮೇಲೆ ಅವನು ಅಭಿಮಾನದಿಂದ ಸಜ್ಜುಗೊಳಿಸಿದ್ದ ಕೋಣೆಯ ತುಂಬ, ರೇಸುಗಾರನಾಗಿದ್ದ ಅವಳ ಅಣ್ಣನೇ ಇದ್ದ. ಅವನು ತೊಟ್ಟಿದ್ದ ಕೈಗವಸು, ಸವೆದ ಟೈರಿನ ತುಂಡು, ಗೆದ್ದ ರೇಸುಗಳ ಪೋಸ್ಟರು. ಅವನು ತೀರಿಹೋದರೂ ಅಭಿಮಾನಿಗಳ ಬಾಯಲ್ಲಿ ಇನ್ನೂ 'ಬಿರುಗಾಳಿ'ಯೇ.

ತಾನು ತಂಗಿಯೆಂದು ಅವಳು ಹೇಳಿರಲಿಲ್ಲ. ಕೊಳ್ಳುವವಳ ಸೋಗು ಹಾಕಿ ಬಂದಿದ್ದಳು.

"ಬೇರೆಲ್ಲ ಮುಟ್ಟಿ ನೋಡಿ ಅಂತೀರಿ. ಸಹಿ ಇರೋ ಈ ಟೋಪಿಗೆ ಮಾತ್ರ ಗಾಜಿನ ಪೆಟ್ಟಿಗೆ. ಯಾಕೆ?"

"ಅದು ಬೇರೆ ಥರದ್ದು."

ಬೇರೆ ಥರದ್ದು... ಅಂದ್ರೆ ಇವನಿಗೆ ಗೊತ್ತಾ?

ಅನುಮಾನ ಒಮ್ಮೆ ತಲೆಗೆ ಹೊಕ್ಕರೆ ಕೇಳಬೇಕೇ! ಅವನ ತುಟಿಯಂಚಿನ ನಗು ಅವಳಿಗೆ ಸರಿ ಕಾಣಲಿಲ್ಲ. ಅವನ ಕಣ್ಣು ಪದೇ ಪದೇ ಅವಳ ಎಡಗೈ ಮೇಲೆ ಹೋಗುತ್ತಿದ್ದುದಂತೂ ಸ್ವಲ್ಪವೂ ಹಿಡಿಸಲಿಲ್ಲ. ನಾಳೆ ಪೇಪರಿನವರನ್ನು ಕರೆದು ಅಣ್ಣನ ಮಾನ ಹರಾಜು ಹಾಕುವ ಆಸಾಮಿಯೇ ಇವನು ಎಂದುಕೊಂಡಳು.

ಕೊನೆಗೆ ತಡೆಯಲಾಗಲಿಲ್ಲ.

"ಸುತ್ತಿ ಬಳಸೋದು ಬೇಡ. ನಾನು ಅವನ ತಂಗಿ. ಆ ಸಹಿ ಅವನದ್ದಲ್ಲ ಅಂತ ನಿಮಗೆ ಗೊತ್ತು. ನಮ್ಮಣ್ಣ ಮೋಸಗಾರ ಅಲ್ಲ... ಅವನ ಮಣಿಕಟ್ಟು ಪೆನ್ನು ಹಿಡಿಯೋಕೂ ಆಗದಷ್ಟು ನೋಯ್ತಿತ್ತು. ಗೊತ್ತಾದ್ರೆ ತಂಡದವರು ಕೈಬಿಡ್ತಿದ್ರು. ಬಂದೋರನ್ನ ಬರಿಗೈಲಿ ಕಳಿಸೋಕೂ ಅವನಿಗೆ ಮನಸ್ಸಿಲ್ಲ. ಅದಕ್ಕೇ ನಾನು ಹಾಕಿದೆ."

"ಗೊತ್ತು. ಅವತ್ತೇ ಗೊತ್ತಾಯ್ತು."

"ಅವತ್ತೇನಾ?"

"ಸಹಿಗೆ ಅಂತ ಟೋಪಿನ ತಂಡದ ವ್ಯಾನಿನೊಳಗೆ ಕೊಟ್ಟು ಕಾಯ್ತಿದ್ದೆ. ವ್ಯಾನಿನ ಹಿಂದೆ ಬಗ್ಗಿ ನೋಡಿದ್ರೆ, ಒಬ್ಬಳು ಹುಡುಗಿ ನಾಲಿಗೆ ಕಚ್ಕೊಂಡು ಎಡಗೈಲಿ ಸಹಿ ಹಾಕ್ತಿದ್ಲು. ನಡುನಡುವೆ ಕಣ್ಣೊರೆಸ್ಕೊಳ್ತಿದ್ಲು. ಸುಮ್ನೆ ಬಂದು ಸಾಲಲ್ಲಿ ನಿಂತೆ."

"ಯಾರಿಗೂ ಹೇಳ್ಲಿಲ್ವಾ?"

"ಅವರ ಗುಟ್ಟು ನಾನು ಬಿಟ್ಟುಕೊಡ್ತೀನಾ? ಈ ರೂಮಲ್ಲಿರೋದೆಲ್ಲ ಅವರ ನೆನಪು. ಅದೊಂದು ಮಾತ್ರ... ನಿಮ್ಮದು."

ಅವಳಿಗೆ ದುಃಖ ಉಮ್ಮಳಿಸಿ ಬಂತು. ಅಣ್ಣ ಹೋದಾಗ ಊರೆಲ್ಲ ಅವನಿಗಾಗಿ ಅತ್ತಿತ್ತು. ತಂಗಿ ಅತ್ತದ್ದನ್ನು ನೆನಪಿಟ್ಟವರು ಯಾರೂ ಇರಲಿಲ್ಲ.

"ಮತ್ತೆ ಇಷ್ಟು ದಿನ ನನ್ನ ಹತ್ರ ಯಾಕೆ ಬರ್ಲಿಲ್ಲ?"

"ಬಂದ್ರೆ ಹೆದರ್ತೀರಿ ಅಂತ. ಇವತ್ತು ಹೆದರಿದ್ರಲ್ಲ, ಹಾಗೆ."

ಅವನು ಪೆಟ್ಟಿಗೆ ತೆರೆದು ಟೋಪಿಯನ್ನು ಅವಳ ಕೈಗಿಟ್ಟ. "ಇನ್ನೂ ಭಯ ಇದ್ರೆ ತಗೊಂಡು ಹೋಗಿ."

ಅವಳು ಸ್ವಲ್ಪ ಹೊತ್ತು ನೋಡಿ ಅದನ್ನು ಮತ್ತೆ ಒಳಗಿಟ್ಟಳು. "ಇಲ್ಲೇ ಇರ್ಲಿ. ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ. ನಿಮ್ಮನ್ನ ಪೂರ್ತಿ ನಂಬೋಕಾಗಲ್ಲ."

"ದಿನಾ ಬಂದು ಕಾವಲಿರಿ."

"ದಿನಾ ಬಂದ್ರೆ ಜನ ಏನಂತಾರೆ?"

"ನನ್ನನ್ನೇ ಮದುವೆ ಮಾಡ್ಕೊಂಡು ಬಂದ್ರೆ ಏನೂ ಅನ್ನಲ್ಲ."

ಅವಳ ಕೆನ್ನೆ ಕೆಂಪಾಯಿತು. ಗೋಡೆಯ ಪೋಸ್ಟರಿನತ್ತ ತಿರುಗಿದಳು.

"ನೋಡೋ ಅಣ್ಣಾ... ನಿನ್ನ ಅಭಿಮಾನಿ ಎಂಥಾ ಕಳ್ಳ."