ಜೇನುಪೆಟ್ಟಿಗೆ ಸರಿಸಿದ ಮಹಾಶಯ

“ಯಾರ್ರೀ ನನ್ನ ಪೆಟ್ಟಿಗೆ ಮುಟ್ಟಿದ್ದು?”

ಟೆರೇಸ್ ಬಾಗಿಲಲ್ಲಿ ನಿಂತು ಅವಳು ಹಾಕಿದ ಕೂಗಿಗೆ ಪಕ್ಕದ ಬಿಲ್ಡಿಂಗಿನ ಪಾರಿವಾಳಗಳೆಲ್ಲ ಗಂಟುಮೂಟೆ ಕಟ್ಟಿದ್ವು. ಮನೇಲಿ ಅವಳನ್ನ ಸೂಜಿ ಅಂತಾರೆ. ಚಿಕ್ಕಪ್ಪ ಇಟ್ಟ ಹೆಸರು. ಮೈ ನೋಡಿ ಅಲ್ಲ, ನಾಲಿಗೆ ನೋಡಿ.

ಬೆಳಗ್ಗೆ ಗಿಡದ ನರ್ಸರಿ ಕೆಲಸಕ್ಕೆ ಹೋಗುವಾಗ ನೀರಿನ ಟ್ಯಾಂಕ್ ಪಕ್ಕ ಅವಳ ಮೂರು ಜೇನುಪೆಟ್ಟಿಗೆ ಇದ್ವು. ಮಧ್ಯಾಹ್ನ ಬಂದು ನೋಡಿದ್ರೆ ಅಲ್ಲಿ ಹಾಲಿನಂಥ ಬಿಳಿ ವಾಟರ್‌ಪ್ರೂಫ್ ಪೇಂಟ್, ಇನ್ನೂ ಹಸಿ ಹಸಿ. ಅದರ ಮೇಲೆ, ಮೊಣಕಾಲೆತ್ತರದ ಗಾಳೀಲಿ, ಸಾವಿರಾರು ಜೇನು ಸುತ್ತುತ್ತಾ ಇದ್ವು. ಪೆಟ್ಟಿಗೆಯ ಬಾಗಿಲಿದ್ದ ಎತ್ತರದಲ್ಲೇ, ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲದೆ. ಕಾಲಿನ ತುಂಬ ಹಳದಿ ಪರಾಗ ಹೊತ್ಕೊಂಡು ಬಂದು, ಇಲ್ಲದ ಬಾಗಿಲು ತಟ್ಟುತ್ತಾ ಇದ್ವು. ಸುಸ್ತಾದವು ಕೆಳಗೆ ಕೂತು, ಪೇಂಟಿಗೆ ಅಂಟಿ, ಕಾಲು ಬಡೀತಿದ್ವು.

ಟೆರೇಸಿನ ಆ ತುದೀಲಿ, ನೆರಳಲ್ಲಿ, ಹೊಸ ಕಬ್ಬಿಣದ ಸ್ಟ್ಯಾಂಡ್ ಮೇಲೆ ಮೂರು ಪೆಟ್ಟಿಗೆ. ಪಕ್ಕದಲ್ಲಿ ಪೇಂಟರ್. ಎರಡೂ ಕೈ ಚಾಚಿ, ಇಂಟರ್ವಲ್‌ಗೆ ಮುಂಚೆ ಹೀರೋ ನಿಲ್ತಾನಲ್ಲ, ಹಾಗೆ ನಿಂತಿದ್ದ.

“ಸರ್‌ಪ್ರೈಸ್ ಮೇಡಂ!”

ನಿಜ ಹೇಳ್ಬೇಕು ಅಂದ್ರೆ, ನಿನ್ನೆವರೆಗೂ ಸೂಜಿಗೆ ಈ ಆಸಾಮಿ ಮೇಲೆ ಒಂಚೂರು ಮನಸ್ಸಿತ್ತು. ಸೋರುವ ಟೆರೇಸ್ ರಿಪೇರಿಗೆ ನಾಲ್ಕು ದಿನದಿಂದ ಬರ್ತಿದ್ದ. ಹುಬ್ಬಿನ ಮೇಲೆ ಸದಾ ಒಂದು ಬಿಳಿ ಚುಕ್ಕೆ. ಅವಳು ಮುಚ್ಚಳ ತೆಗೆದು ಜೇನು ನೋಡುವಾಗ ಇವನು ಬ್ರಷ್ ನೋಡೋ ನೆಪದಲ್ಲಿ ಅವಳನ್ನ ನೋಡೋನು. ಅವಳು ತಿರುಗಿದ್ರೆ ಬ್ರಷ್ಷಿನಿಂದ ಇಲ್ಲದ ಕಸ ಕೀಳೋನು.

“ಕಚ್ಚಲ್ವಾ ಮೇಡಂ?” ಅಂತ ಮೊದಲ ದಿನ ಕೇಳಿದ್ದ.

“ಯಾರು? ಜೇನಾ, ನಾನಾ?”

“ಜೇನಿಗೆ ನಾನು ಅಷ್ಟು ಹೆದರಲ್ಲ.”

ಅವತ್ತು ನಾಲ್ಕು ಮಹಡಿ ಇಳಿಯೋವರೆಗೂ ತುಟಿ ಕಚ್ಕೊಂಡು ನಗು ತಡೆದಿದ್ಲು. ಇವತ್ತು ಅದೇ ಬಾಯಲ್ಲಿ ಬೆಂಕಿ.

“ಬಿಸಿಲಲ್ಲಿ ಬೇಯ್ತಿದ್ವು ಪಾಪ,” ಅಂದ ಪೇಂಟರ್. “ಅದಕ್ಕೆ ಸ್ಟ್ಯಾಂಡ್ ಮಾಡ್ಸಿ ನೆರಳಿಗೆ...”

“ಬಾಯಿ ಮುಚ್ಚು! ಜೇನು ಪೆಟ್ಟಿಗೆ ಗುರುತಿಟ್ಕೊಂಡು ಬರಲ್ಲ, ಜಾಗ ಗುರುತಿಟ್ಕೊಂಡು ಬರುತ್ತೆ. ಹೊರಗೆ ಹೋದಾಗ ಹತ್ತು ಹೆಜ್ಜೆ ಸರಿಸಿದ್ರೂ ಮನೆ ಸಿಗಲ್ಲ. ಹಳೇ ಜಾಗದಲ್ಲೇ ಸುತ್ತಿ ಸುತ್ತಿ ರಾತ್ರಿ ಚಳಿಗೆ ಸಾಯುತ್ತೆ. ಒಳಗಿರೋ ಮರಿಗಳಿಗೆ ಊಟ ತರೋರೇ ಇರಲ್ಲ. ನೀನು ನೆರಳು ಕೊಟ್ಟಿಲ್ಲ ಕಣೋ, ಮೂರು ಸಂಸಾರ ಬೀದಿಗೆ ತಂದಿದೀಯ!”

ಪೇಂಟರ್ ಚಾಚಿದ ಕೈ ಹಾಗೇ ಕೆಳಗಿಳೀತು. ಗಾಳೀಲಿ ಸುತ್ತೋ ಜೇನು ಕಡೆ ತಿರುಗಿ ನೋಡಿದ. ಬೆಳಗ್ಗಿಂದ ಅವು ಖುಷಿಗೆ ಕುಣೀತಿವೆ ಅಂದ್ಕೊಂಡಿದ್ನಂತೆ.

ಅಷ್ಟರಲ್ಲಿ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದ್ರು. ಬಿಲ್ಡಿಂಗ್ ಅವರದ್ದೇ. ಒಂದು ಕೈ ಊದಿದ ಕಿವಿ ಮೇಲೆ, ಇನ್ನೊಂದರಲ್ಲಿ ಜಿರಳೆ ಹೊಡೆಯೋ ಸ್ಪ್ರೇ.

“ಕಿಟಕಿ ತೆಗೆಯೋ ಹಾಗಿಲ್ಲ! ಮೂರನೇ ಮಹಡಿಯೋರಿಗೆ ಕಚ್ಚಿದೆ, ನಂಗೂ ಕಚ್ಚಿದೆ. ಸಾಕು ಕಣೇ ಈ ಸರ್ಕಸ್ಸು. ಒಂದು ಪುಸ್ ಅಂದ್ರೆ ಕಥೆ ಮುಗೀತು. ಪೆಟ್ಟಿಗೆಗಳಿಗೂ ಅದೇ ಗತಿ.”

“ಹೊಡೀರಿ ಚಿಕ್ಕಪ್ಪ, ಹೊಡೀರಿ! ಆಮೇಲೆ ಕೆಳಗೆ ಹೋಗಿ ನಿಮ್ಮ ಕುಂಬಳ ಬಳ್ಳಿಗೂ ಒಂದು ಪುಸ್ ಹೊಡೀರಿ. ಜೇನು ಇಡೋಕೆ ಮುಂಚೆ ಆ ಬಳ್ಳೀಲಿ ಏನಿತ್ತು? ಬರೀ ಎಲೆ! ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತೆ. ಅಷ್ಟರೊಳಗೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಸೇರಬೇಕು. ಯಾರು ಸೇರಿಸ್ತಾರೆ, ನೀವಾ? ಸೇರದಿದ್ರೆ ಹೀಚು ಹಳದಿಯಾಗಿ ಉದುರುತ್ತೆ. ನಿಮ್ಮದೊಂದೇ ಅಲ್ಲ, ಈ ಬೀದಿಯ ಸೌತೆ, ಹಾಗಲ, ಎಲ್ಲದರದ್ದೂ ಅದೇ ಪಾಡು. ‘ನಾನು ಬೆಳೆದ ಕುಂಬಳಕಾಯಿ’ ಅಂತ ಫೋಟೋ ತೆಗೆದು ಬಂಧು ಬಳಗಕ್ಕೆಲ್ಲ ಕಳಿಸಿದ್ರಲ್ಲ, ಅದು ನೀವು ಬೆಳೆದಿದ್ದಲ್ಲ. ಇವು ಬೆಳೆದಿದ್ದು!”

ಹೇಳ್ತಾ ಹೇಳ್ತಾ ಅವಳ ದನಿ ಒಡೀತು. ಅದಕ್ಕೂ ಅವಳಿಗೆ ಕೋಪ ಬಂತು.

ಚಿಕ್ಕಪ್ಪನ ಬೆರಳು ಮಾತ್ರ ಡಬ್ಬದ ಮೇಲೇ ಇತ್ತು. ಪೇಂಟರ್ ನಡುವೆ ಬಂದು ನಿಂತ.

“ಸಾರ್, ತಪ್ಪು ನಂದು. ಹೊಡೆಯೋದಾದ್ರೆ ನಂಗೆ ಹೊಡೀರಿ.”

ಚಿಕ್ಕಪ್ಪ ಒಂದು ಕ್ಷಣ ಅದನ್ನ ಸೀರಿಯಸ್ಸಾಗೇ ಯೋಚನೆ ಮಾಡಿದ್ರು.

“ಅರ್ಧ ಗಂಟೆ,” ಅಂದ್ರು ಕೊನೆಗೆ. “ಆಮೇಲೂ ಈ ಮೋಡ ಇಲ್ಲೇ ಇದ್ರೆ ಯಾರ ಮಾತೂ ಕೇಳಲ್ಲ.” ಬಾಗಿಲ ಹಿಂದೆ ಹೋಗಿ ಸಂದಿಯಿಂದ ನೋಡ್ತಾ ನಿಂತ್ರು.

ಪೇಂಟರ್ ರಟ್ಟಿನ ಡಬ್ಬಗಳನ್ನ ಹರಿದು ಹಸಿ ಪೇಂಟ್ ಮೇಲೆ ಹಾಸಿದ, ಇನ್ನೊಂದು ಜೇನೂ ಅಂಟದ ಹಾಗೆ. ಸೂಜಿ ಪೆಟ್ಟಿಗೆಗಳ ಬಾಗಿಲಿಗೆ ಒದ್ದೆ ಬಟ್ಟೆ ತುರುಕೋಕೆ ಬಗ್ಗಿದವಳು ಹಾಗೇ ನಿಂತುಬಿಟ್ಲು.

“ನಂಬರ್ ಎಲ್ಲಿ? ಪೆಟ್ಟಿಗೆ ಮೇಲೆ ನಂಬರ್ ಬರೆದಿದ್ದೆ!”

“ಅದು... ಎಲ್ಲಾ ಒಂದೇ ಕಲರ್ ಇದ್ರೆ ಲುಕ್ ಇರುತ್ತೆ ಅಂತ ಪೆಟ್ಟಿಗೆಗೂ ಪೇಂಟ್ ಹೊಡೆದೆ...”

“ಲುಕ್ಕಾ? ಅದಲುಬದಲಾದ್ರೆ ಒಳಗಿನವು ಹೊರಗಿನವನ್ನ ಕಳ್ಳರು ಅಂತ ಕಚ್ಚಿ ಸಾಯಿಸ್ತಾವೆ. ನಿನ್ನ ಲುಕ್ಕಿಗೆ ಬೆಂಕಿ ಬೀಳ!”

ಒಂದೊಂದು ಪೆಟ್ಟಿಗೆಗೂ ಕಿವಿಯಿಟ್ಟು ಬೆರಳಿಂದ ತಟ್ಟಿದ್ಲು. ಒಂದು ಗುಂಯ್ ಅಂತ ಮೈಮೇಲೇ ಬಂತು. “ಇದು ಜಗಳಗಂಟಿ, ನಡುವಿನದು.” ಇನ್ನೊಂದು ನಿಧಾನಕ್ಕೆ ಗೊಣಗಿತು. “ಸೋಮಾರಿ. ಟ್ಯಾಂಕಿನ ಕಡೆಗೆ.” ಉಳಿದಿದ್ದು ಗೋಡೆ ಕಡೆಗೆ. ಪೇಂಟರ್ ಕೈಲಿದ್ದ ರಟ್ಟು ಮರೆತು ಅವಳನ್ನೇ ನೋಡ್ತಿದ್ದ.

ಮುಖಕ್ಕೆ ಹಾಕೋ ಬಲೆ ಒಂದೇ ಇತ್ತು. ಅವಳು ಅವನ ಕಡೆ ಎಸೆದ್ಲು. ಅವನು ವಾಪಸ್ ಅವಳ ತಲೆಗೇ ಹಾಕಿ, ಪೆಟ್ಟಿಗೆಯ ಆ ಕಡೆ ಹಿಡಿದು ಎತ್ತಿಬಿಟ್ಟ.

“ಹೀರೋಗಿರಿ ಬೇಡ.”

“ವಿಲನ್ ಕೆಲಸ ಮಾಡಾಯ್ತಲ್ಲ, ಬ್ಯಾಲೆನ್ಸ್ ಆಗ್ಲಿ.”

ನಡುವೆ ಪೆಟ್ಟಿಗೆ, ಆ ಕಡೆ ಅವನು, ಈ ಕಡೆ ಅವಳು. ಸಿನಿಮಾದಲ್ಲಾದ್ರೆ ಇಲ್ಲಿ ಸ್ಲೋ ಮೋಷನ್, ಹಿಂದೆ ವಯಲಿನ್. ಇಲ್ಲಿದ್ದಿದ್ದು ಕೈಯ ಕೆಳಗೆ ಗುಡುಗೋ ಜಗಳಗಂಟಿ. ಅವನು ಹಿಂದಕ್ಕೆ ಹೆಜ್ಜೆ ಹಾಕ್ತಾ ಅವಳ ಮುಖಾನೇ ನೋಡ್ತಿದ್ದ.

“ಹಿಂದೆ ನೋಡ್ಕೊಂಡು ನಡಿ. ನನ್ನ ಮುಖದಲ್ಲೇನಿದೆ?”

“ನಾನು ಎಡವೋಕೆ ಮುಂಚೆ ನಿಮ್ಮ ಕಣ್ಣು ದೊಡ್ಡದಾಗುತ್ತೆ. ಅದನ್ನೇ ನೋಡ್ಕೊಂಡು ನಡೀತಿದೀನಿ.”

ಅವಳಿಗೆ ಕಣ್ಣು ಎಲ್ಲಿಡಬೇಕು ಅಂತಲೇ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ಅವನ ಹುಬ್ಬಿಗೊಂದು ಕಚ್ಚಿತು. ಕಿವಿಗೊಂದು. ತುಟಿಗೊಂದು. ಮುಖ ಕಿವುಚಿದ, ಪೆಟ್ಟಿಗೆ ಮಾತ್ರ ಬಿಡ್ಲಿಲ್ಲ. ಮೂರು ಸಲ ಹೋಗಿ ಬಂದ್ರು. ರಟ್ಟು ಮುಚ್ಚದ ಕಡೆ, ನಾಲ್ಕು ದಿನದ ಅವನ ಕೆಲಸದ ಮೇಲೆಲ್ಲ ನಾಲ್ಕು ಪಾದದ ಗುರುತು.

ಕೊನೆಗೆ ಸೂಜಿ ಬಾಗಿಲಿನ ಬಟ್ಟೆ ಎಳೆದ್ಲು.

ಒಳಗಿನಿಂದ ಹತ್ತಿಪ್ಪತ್ತು ಜೇನು ಬಾಗಿಲಿಗೆ ಬಂದು, ಬಾಲ ಎತ್ತಿ, ರೆಕ್ಕೆ ಬೀಸೋಕೆ ಶುರು ಮಾಡಿದ್ವು. ಮನೆ ಇಲ್ಲೇ ಇದೆ ಬನ್ನಿ ಅಂತ ಕರೆಯೋ ರೀತಿ ಅದು. ಗಾಳೀಲಿದ್ದ ಮೋಡ ಒಂದು ಸಲ ತೂಗಿ, ತೆಳುವಾಗಿ, ಸಾಲು ಸಾಲಾಗಿ ಒಳಗಿಳೀತು.

ಚಿಕ್ಕಪ್ಪ ಡಬ್ಬ ಕೆಳಗಿಟ್ರು. “ಆ ಕುಂಬಳಕಾಯಿ ವಿಷಯ ನಿಮ್ಮ ಚಿಕ್ಕಮ್ಮನ ಹತ್ರ ಎತ್ತಬೇಡ,” ಅಂತ ಹೇಳಿ ಇಳಿದು ಹೋದ್ರು.

ಸೂಜಿ ಪೇಂಟರನ್ನ ತಲೆಕೆಳಗು ಮಾಡಿಟ್ಟ ಬಕೆಟ್ ಮೇಲೆ ಕೂರಿಸಿದ್ಲು. ಬಸ್ ಪಾಸಿನ ಅಂಚಿಂದ ಅವನ ಮುಖದ ಮುಳ್ಳುಗಳನ್ನ ಒಂದೊಂದೇ ಕೆರೆದು ತೆಗೆದ್ಲು. ಬೆರಳಲ್ಲಿ ಹಿಡಿದು ಕಿತ್ರೆ ವಿಷ ಒಳಗಿಳಿಯುತ್ತೆ. ಹಾಗಾಗಿ ಹತ್ರ ಬರಲೇಬೇಕಿತ್ತು. ಅವನ ಒಂದು ಕಣ್ಣು ಊದಿ ಆಗ್ಲೇ ಮುಚ್ಚಿತ್ತು. ಇನ್ನೊಂದು ಎರಡರ ಕೆಲಸ ಮಾಡ್ತಿತ್ತು.

“ಒಂಬತ್ತು,” ಅಂದ್ಲು. “ನಿಂಗೆ ಒಂಬತ್ತು ಕಡೆ ಊದಿದೆ, ಅಷ್ಟೆ. ಕಚ್ಚಿದ ಜೇನು ಸಾಯುತ್ತೆ, ಗೊತ್ತಾ? ನಂಗೆ ಒಂಬತ್ತು ಜೇನು ಹೋಯ್ತು. ಪೇಂಟಲ್ಲಿ ಸತ್ತವು ಬೇರೆ. ಒಂದು ಮಾತು ಕೇಳೋಕೆ ಏನಾಗಿತ್ತು? ಬಾಯಿ ಇರ್ಲಿಲ್ವಾ?”

“ಕೇಳಿದ್ರೆ ಸರ್‌ಪ್ರೈಸ್ ಆಗಲ್ವಲ್ಲ. ನಿಮಗೆ ಖುಷಿಯಾಗ್ಲಿ ಅಂತಲೇ...” ಊದಿದ ತುಟೀಲಿ ಮಾತು ಜಾರ್ತಿತ್ತು. “ಕ್ಷಮಿಸಿ ಅನ್ನಲ್ಲ. ಕ್ಷಮಿಸೋ ತಪ್ಪಲ್ಲ ಇದು. ಈಗ ಒಂದು ಕೇಳ್ಲಾ?”

“ಕೇಳು.”

“ನಂಗೆ ನೀವಂದ್ರೆ ತುಂಬಾ ಇಷ್ಟ. ನಿಮಗೆ?”

ಸೂಜಿ ಬಸ್ ಪಾಸ್ ಒರೆಸಿದ್ಲು. ಮತ್ತೆ ಒರೆಸಿದ್ಲು. ಇನ್ನೂ ಒಂದೆರಡು ಜೇನು ಅವಳ ತೋಳ ಮೇಲೆ ಕೂತು ಸುಧಾರಿಸ್ಕೊಳ್ತಿದ್ವು.

“ನಂಗೆ ನಿನ್ನ ಮೇಲೆ ಸಿಕ್ಕಾಪಟ್ಟೆ ಕೋಪ ಇದೆ,” ಅಂದ್ಲು. “ಇವತ್ತಿಗೆ ಮುಗಿಯೋದಲ್ಲ. ಕೂರಿಸ್ಕೊಂಡು ಒಂದು ನಲವತ್ತು ವರ್ಷ ಬಯ್ಯಬೇಕು. ಪುರುಸೊತ್ತು ಇದೆಯಾ?”

ಪೇಂಟರ್ ಮುಖದಲ್ಲಿ ನಗೋಕೆ ಉಳಿದಿದ್ದು ಅರ್ಧ ತುಟಿ. ಅಷ್ಟರಲ್ಲೇ ನಕ್ಕ.

“ಇದೆ.”

“ನಗಬೇಡ,” ಅಂತ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದ್ಲು. “ನಾನಿನ್ನೂ ಶುರುನೇ ಮಾಡಿಲ್ಲ.”