ಸೀಟಿನಡಿಯ ಪೊಟ್ಟಣ

ಸೋಮವಾರ, ಹದಿನಾಲ್ಕನೆಯ ತಾರೀಖು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಮೆಟ್ಟಿಲೇರಿ ಬಂದ ಹೆಂಗಸಿನ ತೋಳಿಗೆ ಕೆಸರು ಅಂಟಿ ಒಣಗಿತ್ತು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಬರೆದು ತಂದ ದೂರನ್ನು ಮೇಜಿನ ಮೇಲಿಟ್ಟು, ಕುಳಿತುಕೊಳ್ಳಿ ಎಂದರೂ ಕೂರದೆ ನಿಂತೇ ಇದ್ದಳು.

ಬಂದೋಬಸ್ತಿನ ಕೆಲಸದಲ್ಲಿ ಹನ್ನೊಂದು ದಿನಗಳಿಂದ ವಾರದ ರಜೆಯ ಮುಖ ಕಾಣದ ಇನ್ಸ್‌ಪೆಕ್ಟರ್ ಮೇಡಂ ಒಂದೊಂದು ಸಾಲನ್ನೂ ಎರಡೆರಡು ಸಲ ಓದಬೇಕಾಯಿತು. ದೂರಿನ ಸಾರಾಂಶ ಇಷ್ಟು: ನಿನ್ನೆ ಸಂಜೆ ನಾಲ್ಕೂ ಕಾಲಿಗೆ, ಕೆಲಸ ನಿಂತ ಕಲ್ಲುಗಣಿಯ ದಿಬ್ಬದಲ್ಲಿ, ಆಕೆಯ ಗಂಡ ತನ್ನ ನಾಲ್ಕು ಗಾಲಿಯ ಎಟಿವಿಯಲ್ಲಿ ದಿಬ್ಬ ಏರುವ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದ. ಅರ್ಧ ಏರಿದಾಗ ಇಂಜಿನ್ ಹಿಡಿದುಕೊಂಡಿತು. ಗಾಡಿ ಹಿಮ್ಮುಖವಾಗಿ ಮಗುಚಿ ಅವನ ಮೇಲೆ ಬಿತ್ತು. ಬೆನ್ನುಮೂಳೆಗೆ ಪೆಟ್ಟು. ಮತ್ತೆ ನಡೆಯುತ್ತಾನೋ ಇಲ್ಲವೋ ವೈದ್ಯರು ಹೇಳುತ್ತಿಲ್ಲ.

"ಯಾರ ಮೇಲೆ ಅನುಮಾನ?"

"ಅನುಮಾನ ಎಲ್ಲಿಂದ ಬಂತು ಮೇಡಂ, ಕಣ್ಣಿಗೆ ಕಾಣೋ ಹಾಗಿದೆ. ಆ ಗ್ಯಾರೇಜಿನ ಮೌನಿ. ಇಪ್ಪತ್ತು ದಿನದ ಹಿಂದೆ ಇಂಜಿನ್ ಬಿಚ್ಚಿ ಜೋಡಿಸಿದೋನು ಅವನೇ."

"ಮನೇಲಿ ಇನ್ಯಾರಿದ್ದಾರೆ?"

"ನಮ್ಮ ಮಾವ. ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ ಪಾಪ. ಶೆಡ್ಡಿನಲ್ಲೇ ಕೂತಿದ್ದಾರೆ."

ಹತ್ತು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಗಣಿಗೆ ಹೊರಟ ಠಾಣೆಯ ಹಳೆಯ ಪೆಟ್ರೋಲ್ ಜೀಪು ಎರಡು ಕಡೆ ನಿಂತಿತು, ಎರಡು ಕಡೆಯೂ ಆರಿಹೋಯಿತು.

"ಐಡ್ಲಿಂಗ್ ನಿಲ್ತಾ ಇಲ್ಲ ಮೇಡಂ," ಎಂದ ಚಾಲಕ ಪೇದೆ. "ತಿರುಗಿಸಿ ತಿರುಗಿಸಿ ಸ್ಕ್ರೂನೇ ಸವೆದು ಹೋಯ್ತು."

"ನಮ್ಮಂಗೇ ಬಿಡು," ಎಂದರು ಹಿಂದೆ ಕುಳಿತಿದ್ದ ದಫೇದಾರರು. "ನಿಲ್ಲಿಸಿದ ಕಡೆ ನಿದ್ದೆ."

ಗಣಿಯ ಕಾವಲುಗಾರ ಮತ್ತು ತೂಕದ ಕಟ್ಟೆಯ ಗುಮಾಸ್ತ, ಇಬ್ಬರು ಪಂಚರ ಸಮಕ್ಷಮದಲ್ಲಿ ಪಂಚನಾಮೆ ನಡೆಯಿತು. ದಿಬ್ಬದಲ್ಲಿ ನಾಲ್ಕು ಗಾಲಿಯ ಗುರುತು ಮೂವತ್ತೊಂದು ಅಡಿ ನೇರ ಏರಿತ್ತು. ಅಲ್ಲಿಂದ ಮುಂದೆ ಹಿಂಗಾಲಿಗಳೆರಡೂ ತಿರುಗದೆ ಉಜ್ಜಿದ ಗೆರೆ, ಎರಡೇ ಅಡಿ. ದಫೇದಾರರು ಟೇಪನ್ನು ಮಡಿಸುತ್ತ ಆ ಎರಡು ಅಡಿಯನ್ನು ಬಹಳ ಹೊತ್ತು ನೋಡಿದರು.

ಮಂಗಳವಾರ ಹನ್ನೊಂದಕ್ಕೆ ಮೋಟಾರು ವಾಹನ ನಿರೀಕ್ಷಕರು ಠಾಣೆಯ ಅಂಗಳಕ್ಕೆ ತಂದಿದ್ದ ಎಟಿವಿಯ ಇಂಜಿನ್ ಬಿಚ್ಚಿಸಿದರು. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು. ಸ್ಪಾರ್ಕ್ ಪ್ಲಗ್ಗಿನ ತುದಿ ಸುಣ್ಣ ಬಳಿದಂತೆ ಬಿಳುಪು. ಕೊನೆಗೆ ಕಾರ್ಬುರೇಟರಿನ ತಳದ ಬಟ್ಟಲು ಕಳಚಿ, ಕಡಲೆಕಾಳಿಗಿಂತ ಚಿಕ್ಕದಾದ ಹಿತ್ತಾಳೆಯ ತುಣುಕೊಂದನ್ನು ತೆಗೆದು ಭೂತಗನ್ನಡಿಯಡಿ ಹಿಡಿದರು.

"ಮೈನ್ ಜೆಟ್ಟು. ನೂರ ಹದಿನೆಂಟು. ಇದರ ತೂತಿನಲ್ಲೇ ಪೆಟ್ರೋಲು ಹೋಗಬೇಕು, ನಂಬರು ದೊಡ್ಡದಾದಷ್ಟೂ ತೂತು ದೊಡ್ಡದು. ಸಿಲಿಂಡರ್ ನೋಡಿದ್ರೆ ಬೋರ್ ಮಾಡಿ ಅಗಲ ಮಾಡಿದ್ದಾರೆ, ದೊಡ್ಡ ಪಿಸ್ಟನ್ ಹಾಕಿದ್ದಾರೆ. ಹೊಟ್ಟೆ ದೊಡ್ಡದು ಮಾಡಿ ಹಳೇ ಚಮಚದಲ್ಲೇ ಉಣಿಸಿದ ಹಾಗಾಯ್ತು. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ, ಕಾದು ಸೀಜ್ ಆಗಿದೆ."

"ಮನೆಯಿಂದ ಗಣಿವರೆಗೆ ಓಡಿದೆಯಲ್ಲ?"

"ನಿಧಾನಕ್ಕೆ ಓಡಿಸೋವಾಗ ಬೇರೆ ಸಣ್ಣ ಜೆಟ್ಟು ಕೆಲಸ ಮಾಡುತ್ತೆ ಮೇಡಂ, ಏನೂ ಗೊತ್ತಾಗಲ್ಲ. ಪೂರ್ತಿ ಎಕ್ಸಿಲೇಟರ್ ತಿರುಗಿಸಿದಾಗಲೇ ಇದರ ಸರದಿ."

ಬಾಯಿ ಮುಚ್ಚದವನಾದ್ದರಿಂದ ಮೌನಿ ಎಂದು ಹೆಸರು ಪಡೆದಿದ್ದ ಆ ಗ್ಯಾರೇಜಿನವನನ್ನು ಹನ್ನೆರಡು ಗಂಟೆಗೆ ಕರೆಸಲಾಯಿತು. ಅಂಗಳದಲ್ಲಿ ಜೆಟ್ಟಿನ ಸುದ್ದಿ ಕೇಳಿ ಬಾಗಿಲಲ್ಲೇ ಶುರು ಮಾಡಿದ.

"ನೂರ ಹದಿನೆಂಟಾ? ಸಾಧ್ಯನೇ ಇಲ್ಲ ಮೇಡಂ! ನೂರ ನಲವತ್ತು ಹಾಕಿದ್ದೀನಿ, ಈ ಕೈಯಾರೆ. ಇನ್ನಷ್ಟು ಪೆಟ್ರೋಲು ಬರಲಿ ಅಂತ ಕಾರ್ಬುರೇಟರ್ ಸೂಜಿಯ ಕ್ಲಿಪ್ಪು ಒಂದು ಮೆಟ್ಟಿಲು ಇಳಿಸಿದ್ದೀನಿ. ಮೂರು ಸಲ ಫುಲ್ ಎಳೆದು, ಮೂರು ಸಲನೂ ಪ್ಲಗ್ ಬಿಚ್ಚಿ ನೋಡಿದ್ದೀನಿ. ಕಾಫಿ ಬಣ್ಣ, ಇರಬೇಕಾದ ಬಣ್ಣ! ಹಸುಗೂಸಿನ ಹಾಗೆ ನೋಡ್ಕೊಂಡಿದ್ದೀನಿ ಆ ಇಂಜಿನ್ನ."

"ಪ್ರಶ್ನೆ ಕೇಳಿದ್ಮೇಲೆ ಉತ್ತರ. ತೆಗೆದ ಹಳೇ ಜೆಟ್ಟು ಎಲ್ಲಿ?"

"ಸೀಟಿನ ಕೆಳಗೆ ಪೊಟ್ಟಣದಲ್ಲಿ. ನಮ್ಮ ಗ್ಯಾರೇಜಿನ ಪದ್ಧತಿ ಅದು. ತೆಗೆದದ್ದು ಗಾಡಿಯವರ ಸ್ವತ್ತು, ಬಿಸಾಕಬಾರದು. ಎಣ್ಣೆ ಕಾಗದದಲ್ಲಿ ಸುತ್ತಿ, ಏನು ತೆಗೆದ್ವಿ, ಏನು ಹಾಕಿದ್ವಿ, ಯಾಕೆ ಅಂತ ಚೀಟಿ ಬರೆದು, ತಾಮ್ರದ ತಂತಿ ಬಿಗಿದು ಇಡಬೇಕು. ಮುಂದೆ ಬಿಚ್ಚೋನಿಗೆ ಗೊತ್ತಾಗಬೇಕಲ್ಲ?"

ಪಂಚರ ಎದುರು ಸೀಟನ್ನು ಎತ್ತಲಾಯಿತು. ಪೊಟ್ಟಣ ಇತ್ತು. ಚೀಟಿಯಲ್ಲಿ 'ತೆಗೆದದ್ದು 118, ಹಾಕಿದ್ದು 140' ಎಂದಷ್ಟೇ ಬರೆದಿತ್ತು. ಒಳಗಿದ್ದ ಜೆಟ್ಟಿನ ಮೇಲೆ ಕೊರೆದಿದ್ದ ಅಂಕಿ ಮಾತ್ರ ನೂರ ನಲವತ್ತು.

ದಫೇದಾರರು ಹುಬ್ಬೇರಿಸಿದರು. ಮೌನಿ ಪೊಟ್ಟಣವನ್ನು ನೋಡಿದ. ಜೆಟ್ಟನ್ನಲ್ಲ, ಬಿಚ್ಚಿಟ್ಟ ತಂತಿಯನ್ನು. 

"ಯಾರು ಬದಲಾಯಿಸಿದ್ದು?"

ಮೌನಿ ತಂತಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಚೀಟಿಯಲ್ಲಿ ಯಾಕೆ ಅನ್ನೋದು ಬರೆದಿಲ್ಲ. ಪದ್ಧತಿ ಅಂದೆ?"

"ನಾನೇ ಮಾಡಿದ್ದು ಅಂತ ಬರ್ಕೊಳ್ಳಿ ಮೇಡಂ," ಎಂದ ಮೌನಿ. ಆಮೇಲೆ ಆ ದಿನವೆಲ್ಲ ಅವನಿಂದ ಒಂದು ಮಾತೂ ಹೊರಡಲಿಲ್ಲ.

ತಪ್ಪು ಮಾಡಿ ಸುಳ್ಳು ಹೇಳುವವರನ್ನು ಇಪ್ಪತ್ತೆರಡು ವರ್ಷ ನೋಡಿದ್ದ ಇನ್ಸ್‌ಪೆಕ್ಟರಿಗೆ, ತಪ್ಪು ಮಾಡದೆ ಸುಳ್ಳು ಹೇಳುವವನನ್ನು ಕಂಡಾಗ ಹೆಚ್ಚು ಆಯಾಸವಾಗುತ್ತಿತ್ತು. ಅಂಥವರ ಹಿಂದೆ ಯಾವಾಗಲೂ ಇನ್ನೊಬ್ಬರಿರುತ್ತಾರೆ. ದುರುದ್ದೇಶದ ಕೈಯಾಗಿದ್ದರೆ ತೆಗೆದ ಜೆಟ್ಟನ್ನು ಚರಂಡಿಗೆ ಎಸೆಯುತ್ತಿತ್ತು. ಇದು ತೆಗೆದದ್ದನ್ನು ಎಸೆಯಲಾಗದ ಕೈ.

ಮೂರು ಗಂಟೆಗೆ ಅವರು ಬೀಗ ಬಿದ್ದಿದ್ದ ಗ್ಯಾರೇಜನ್ನು ತೆರೆಸಿದರು. ಗೋಡೆಯ ಹಲಗೆಯ ಮೇಲೆ, ಗಾಡಿಯವರು ಬಂದು ಒಯ್ಯದ ಪೊಟ್ಟಣಗಳ ಸಾಲು. ಮೌನಿ ಕಟ್ಟಿದ ಒಂದೊಂದರ ತಂತಿಯೂ ಬಲಕ್ಕೆ ಹೊರಳಿತ್ತು. ತೀರಾ ಹಿಂದೆ, ದೂಳು ಮೆತ್ತಿದ ಏಳೆಂಟು ಹಳೆಯ ಪೊಟ್ಟಣಗಳು. ಅವುಗಳ ತಂತಿ ಎಡಕ್ಕೆ ಹೊರಳಿತ್ತು. ಸೀಟಿನಡಿಯದೂ ಎಡಕ್ಕೇ.

"ಮೊದಲು ಈ ಗ್ಯಾರೇಜು ಯಾರದ್ದು?" ಎಂದು ಪಕ್ಕದ ಟೈರಿನಂಗಡಿಯವನನ್ನು ಕೇಳಿದರು.

"ಇವನ ಗುರುಗಳದ್ದು ಮೇಡಂ. ಕಿವಿ ಮಂದವಾಯ್ತು ಅಂತ ಇವನಿಗೆ ಬಿಟ್ಟುಕೊಟ್ರು. ಈಗ ಆಸ್ಪತ್ರೆಯಲ್ಲಿದ್ದಾನಲ್ಲ ಹುಡುಗ, ಅವರ ಮಗನೇ."

ಬುಧವಾರ ಎಂಟೂವರೆಗೆ ವೈದ್ಯರ ಅನುಮತಿ ಪಡೆದು ಗಾಯಾಳುವಿನ ಹೇಳಿಕೆ ಪಡೆಯಲಾಯಿತು. ಅವನು ಸೀಲಿಂಗನ್ನೇ ನೋಡುತ್ತ ಮಾತಾಡಿದ.

"ಬೋರ್ ಮಾಡಿಸಿದ್ದು ಮನೇಲಿ ಗೊತ್ತಿತ್ತಾ?"

"ಅಪ್ಪನಿಗೆ ಗೊತ್ತಿರಲಿಲ್ಲ. ಹೋದ ವರ್ಷ ಬಿದ್ದು ಕೊರಳೆಲುಬು ಮುರಿದಾಗಲೇ ಅಪ್ಪ ಗಾಡಿ ಮಾರು ಅಂದಿದ್ರು. ಅಪ್ಪನ ಹತ್ರ ಬಾಯಿ ಬಿಡಲ್ಲ ಅಂತ ಮೌನಿ ಅಣ್ಣನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ಚೀಟಿಯಲ್ಲೂ ಬರೀಬೇಡ ಅಂದಿದ್ದೆ." ಸ್ವಲ್ಪ ತಡೆದು, "ಈಗಲೂ ಹೇಳ್ಬೇಡಿ ಮೇಡಂ. ನೊಂದ್ಕೊಳ್ತಾರೆ," ಎಂದ.

ದಫೇದಾರರು ಕಾರಿಡಾರಿನಲ್ಲಿ ಟೋಪಿ ತೆಗೆದು ತಲೆ ಒರೆಸಿಕೊಂಡರು. "ಈ ಕೇಸು ಬೇರೆ ಠಾಣೆಗೆ ಹೋಗಬಾರದಿತ್ತಾ ಮೇಡಂ," ಎಂದರು. ಇನ್ಸ್‌ಪೆಕ್ಟರ್ ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಒಂಬತ್ತೂ ಮುಕ್ಕಾಲಿಗೆ ಅವರು ಮನೆಗೆ ತಲುಪಿದಾಗ ಮುದುಕ ಶೆಡ್ಡಿನಲ್ಲಿ, ಎಟಿವಿ ನಿಲ್ಲುತ್ತಿದ್ದ ಖಾಲಿ ಜಾಗದ ಎದುರು, ಮಗುಚಿಟ್ಟ ಡಬ್ಬದ ಮೇಲೆ ಕುಳಿತಿದ್ದ. ಸೊಸೆ ಬಾಗಿಲಲ್ಲಿ ನಿಂತಳು. ಇನ್ಸ್‌ಪೆಕ್ಟರ್ ಅವನ ಕಿವಿಯ ಹತ್ತಿರ ಬಾಗಿ ದನಿಯೇರಿಸಬೇಕಾಯಿತು. ನೋಟಿಸಿಗೆ ಸಹಿ ಕೇಳಿದರು. ಅವನು ಪೆನ್ನನ್ನು ಎಡಗೈಯಲ್ಲಿ ಹಿಡಿದ.

"ಯಜಮಾನರೇ, ಜೆಟ್ಟು ಬದಲಾಯಿಸಿದ್ದು ಯಾವಾಗ?"

"ಶನಿವಾರ ಮಧ್ಯಾಹ್ನ," ಎಂದ ಮುದುಕ. ಮೂರು ದಿನದಿಂದ ಆ ಪ್ರಶ್ನೆಗಾಗಿಯೇ ಅಲ್ಲಿ ಕುಳಿತವನಂತೆ.

ಬಾಗಿಲಲ್ಲಿದ್ದ ಸೊಸೆ ಒಂದು ಹೆಜ್ಜೆ ಒಳಗಿಟ್ಟಳು. "ಮಾವಾ?"

"ಸೀಟು ಎತ್ತಿದೆ, ಚೀಟಿ ನೋಡಿದೆ. ನೂರ ನಲವತ್ತು ಅಂತ ಇತ್ತು. ಓಟದ ಹುಚ್ಚಿಗೆ ಸುಮ್ಮನೆ ದೊಡ್ಡ ಜೆಟ್ಟು ತುರುಕಿಸಿದ್ದಾನೆ ಅಂದ್ಕೊಂಡೆ. ಗಾಡಿಗೆ ಹುಟ್ಟಿದಾಗಿಂದ ಇದ್ದದ್ದು ನೂರ ಹದಿನೆಂಟೇ ತಾನೆ? ಅದನ್ನೇ ವಾಪಸು ಹಾಕಿದೆ. ಮೊದಲಿನ ಹಾಗೆ ಮೆತ್ತಗಾಗುತ್ತೆ, ದಿಬ್ಬ ಹತ್ತಲ್ಲ, ಸೋತು ಮನೆಗೆ ಬರ್ತಾನೆ ಅಂತ. ಆದ್ರೆ ಸೀಜ್ ಆಗೋ ಹಾಗೆ ಏನೂ ಮಾಡಿಲ್ಲ ತಾಯಿ. ಮೂರು ದಿನದಿಂದ ಲೆಕ್ಕ ಹಾಕ್ತಾ ಇದ್ದೀನಿ. ಆ ಇಂಜಿನ್ನಿಗೆ ನೂರ ಹದಿನೆಂಟು ಸರಿಯಾದ ಅಳತೆ."

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿ ತೆರೆದರು. ಆಸ್ಪತ್ರೆಯ ಹಾಸಿಗೆಯಿಂದ ಬಂದ ಬೇಡಿಕೆ ಕಿವಿಯಲ್ಲಿತ್ತು. ಆದರೆ ಹೇಳಿಕೆಯಲ್ಲಿ ಈ ಪ್ರಶ್ನೆ ಬಿಟ್ಟರೆ, ಬೇಕೆಂದೇ ಮಗನ ಬೆನ್ನು ಮುರಿದ ಅಪ್ಪನೆಂದು ಕಾಗದ ಸಾಧಿಸುತ್ತದೆ.

"ಸಿಲಿಂಡರ್ ಬೋರ್ ಮಾಡಿಸಿದ್ದು ನಿಮಗೆ ಗೊತ್ತಿತ್ತಾ?"

"ಯಾವ ಬೋರು?"

ಮುದುಕ ಇನ್ಸ್‌ಪೆಕ್ಟರರ ತುಟಿಗಳನ್ನೇ ನೋಡುತ್ತ ಇನ್ನೊಮ್ಮೆ ಕೇಳಿದ, ಮೆಲ್ಲಗೆ: "ಯಾವ ಬೋರು ತಾಯಿ?" ಆಮೇಲೆ ಅವನಿಗೇ ತಿಳಿಯಿತು. ಎಡಗೈ ತೊಡೆಯ ಮೇಲೆ ಬಿದ್ದು, ಹಾಗೇ ಉಳಿಯಿತು.

ಸೊಸೆ ಬಂದು ಅವನ ಕಾಲ ಬಳಿ ಕುಸಿದಳು. ಬೈಯಲಿಲ್ಲ. "ನನ್ನನ್ನಾದ್ರೂ ಒಂದು ಮಾತು ಕೇಳ್ಬಾರದಿತ್ತಾ ಮಾವ," ಎಂದಳು. "ಬೋರ್ ಮಾಡಿಸಿದ್ದು ನನಗೆ ಗೊತ್ತಿತ್ತಲ್ಲ. ಎಲ್ಲರಿಂದ್ಲೂ ಮುಚ್ಚಿಡು ಅಂತ ಇವ್ರು ನನಗೂ ಹೇಳಿದ್ರು."

ಹತ್ತು ಹತ್ತಕ್ಕೆ ಬಂಧನವಾಯಿತು. ದಾಖಲೆಯಲ್ಲಿ ಕಾರಣದ ಕಾಲಂ ಇರುವುದು ಒಂದೂವರೆ ಅಂಗುಲ. 'ಮಗನು ಪಂದ್ಯದಲ್ಲಿ ಸೋಲಲೆಂಬ ಉದ್ದೇಶ' ಎಂದು ಇನ್ಸ್‌ಪೆಕ್ಟರ್ ಬರೆದರು; ಓದಿ ನೋಡಿದರು; ಕೆಳಗೆ ಸಣ್ಣ ಅಕ್ಷರದಲ್ಲಿ 'ಸೋತು ಕ್ಷೇಮವಾಗಿ ಹಿಂದಿರುಗಲೆಂದು' ಎಂದು ಸೇರಿಸಿದರು. ಮೌನಿಯನ್ನು ಮನೆಗೆ ಕಳಿಸಲು ಠಾಣೆಗೆ ಫೋನಾಯಿತು. ಹೋಗಲೊಪ್ಪುತ್ತಿಲ್ಲ, ಗುರುಗಳು ಬರುವವರೆಗೆ ಬೆಂಚಿನ ಮೇಲೇ ಇರುತ್ತಾನಂತೆ ಎಂದು ಆ ಕಡೆಯ ಪೇದೆ ಹೇಳಿದ.

ದಾರಿಯಲ್ಲಿ, ರೈಲ್ವೆ ಗೇಟಿನ ಮುಂದೆ ಜೀಪು ನಿಂತಿತು. ಇಂಜಿನ್ ಕೆಮ್ಮಿತು, ನಡುಗಿತು, ಆರಿತು. ಚಾಲಕ ಪೇದೆ ಶಪಿಸುತ್ತ ಮತ್ತೆ ಚಾಲೂ ಮಾಡಿದ. ಆಮೇಲೆ ಯಾರನ್ನು ಕೂರಿಸಿಕೊಂಡಿದ್ದೇನೆಂಬುದನ್ನು ಮರೆತವನಂತೆ ಹಿಂದಕ್ಕೆ ತಿರುಗಿ, "ಯಜಮಾನರೇ, ನೀವಾದ್ರೂ ನೋಡಿ ಹೇಳಿ, ಇದರ ಕಾರ್ಬುರೇಟರಿಗೆ ಏನಾಗಿದೆ?" ಎಂದ.

ದಫೇದಾರರು ಅವನನ್ನು ಗದರಲು ಬಾಯಿ ತೆರೆದರು. ಇನ್ಸ್‌ಪೆಕ್ಟರ್ ಬೇಡವೆಂದು ತಲೆಯಾಡಿಸಿದರು.

ಮುದುಕ ಎಡ ಅಂಗೈಯನ್ನು ಜೀಪಿನ ಕಬ್ಬಿಣಕ್ಕೆ ಒತ್ತಿ, ಕಿವಿಗೆ ಕೇಳದ ನಡುಕವನ್ನು ಕೈಯಲ್ಲಿ ಕೇಳಿದ. ಬೆರಳುಗಳು ಸ್ಕ್ರೂ ತಿರುಗಿಸುವಂತೆ ತಾವಾಗಿಯೇ ಕಾಲು ಸುತ್ತು ತಿರುಗಿದವು, ಗಾಳಿಯಲ್ಲಿ. ಮರುಕ್ಷಣ ಮುಷ್ಟಿ ಬಿಗಿದು ಕೈಯನ್ನು ಮಡಿಲಿಗೆ ಎಳೆದುಕೊಂಡ.

"ಮೊದಲು ಇದರಲ್ಲಿ ಏನೇನು ಬದಲಾಯಿಸಿದ್ದೀರಿ ಹೇಳಪ್ಪ," ಎಂದ. "ಒಂದೂ ಬಿಡಬೇಡ. ಎಲ್ಲಾನೂ ಹೇಳು."